ರಿಕಿ ಮಾರ್ಟಿನ್: ಆ ಒಂದು ಹಾಡಿನ ಆಚೆ ಏನಿದೆ ಅಂತ ಮಾತಾಡೋಣ ಬನ್ನಿ

ಹಳೇ ಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮಕ್ಕನ ಮಗಳು ಕಾಲೇಜ್ ಡೇಗೆ ಡ್ಯಾನ್ಸ್ ಮಾಡಲು ಹಾಡು ಹುಡುಕುತ್ತಿದ್ದಳು. ಕೊನೆಗೆ ರಿಕಿ ಮಾರ್ಟಿನ್ ಹಾಡಿದ 'ಲಿವಿನ್ ಲಾ ವೀಡಾ ಲೋಕಾ' ಹಾಕಿದಳು. ಮನೆಯಲ್ಲಿ ಎಲ್ಲರ ಕಾಲೂ ತಾನಾಗಿ ತಾಳ ಹಾಕಿತು. ಹಾಡು ಮುಗಿದ ಮೇಲೆ ಅವಳು ಕೇಳಿದಳು: "ಮಾಮ, ಈ ಒಂದು ಹಾಡು ಹಾಡಿ ಇವನು ಎಲ್ಲಿ ಹೋದ?"

ನನಗೆ ನಿಜಕ್ಕೂ ಬೇಜಾರಾಯಿತು. ಅವಳ ಮೇಲಲ್ಲ. ನಮ್ಮ ವಯಸ್ಸಿನವರೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. 1999ರಲ್ಲಿ ಬಂದ, ಕುಣಿದ, ಹೋದ ಅಂತ. ಅವತ್ತು ರಾತ್ರಿ ಕೂತು ಅವಳಿಗೆ ಒಂದು ಗಂಟೆ ಕಥೆ ಹೇಳಿದೆ. ಆ ಹಾಡು ಬರುವ ಹೊತ್ತಿಗೆ ಈ ಮನುಷ್ಯ 15 ವರ್ಷ ದುಡಿದಾಗಿತ್ತು. ಆಮೇಲೆ 25 ವರ್ಷಕ್ಕಿಂತ ಜಾಸ್ತಿ ದುಡಿದಿದ್ದಾನೆ.

ಹುಟ್ಟಿದ್ದು 1971ರ ಡಿಸೆಂಬರ್ 24ಕ್ಕೆ, ಕೆರಿಬಿಯನ್ ಸಮುದ್ರದ ದ್ವೀಪ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಎನ್ರಿಕೆ ಮಾರ್ಟಿನ್ ಮೊರಾಲೆಸ್. ಆಗ ಅಲ್ಲಿ 'ಮೆನೂದೊ' ಅಂತ ಒಂದು ಹುಡುಗರ ತಂಡ ಇತ್ತು. 1977ರಲ್ಲಿ ಎಡ್ಗಾರ್ಡೊ ಡಿಯಾಸ್ ಕಟ್ಟಿದ ತಂಡ. ಅದರ ನಿಯಮ ವಿಚಿತ್ರ: ಹುಡುಗ ದೊಡ್ಡವನಾದ ಅಂದರೆ ಹೊರಗೆ, ಅವನ ಜಾಗಕ್ಕೆ ಹೊಸ ಹುಡುಗ. ಹೆಸರು ಮಾತ್ರ ಅದೇ. ನಮ್ಮ ರಿಕಿಯನ್ನು ಮೊದಲು ಕುಳ್ಳ ಅಂತ ವಾಪಸ್ ಕಳಿಸಿದ್ದರು. ಬಿಡಲಿಲ್ಲ, ಮತ್ತೆ ಹೋದ. 1984ರಲ್ಲಿ ಸೇರಿದಾಗ ಅವನಿಗೆ 12 ವರ್ಷ. 1989ರವರೆಗೆ ಅಲ್ಲೇ ಇದ್ದ. ನಮ್ಮ ಮಕ್ಕಳು ಏಳನೇ ಕ್ಲಾಸಿನ ಪರೀಕ್ಷೆ ಬರೆಯುವ ವಯಸ್ಸಿನಲ್ಲಿ ಅವನು ಊರೂರು ಸುತ್ತಿ, ಸಾವಿರಾರು ಜನರ ಮುಂದೆ ಹಾಡುತ್ತಿದ್ದ.

ಅಲ್ಲಿಂದ ಹೊರಬಿದ್ದ ಮೇಲೆ ಅವನು ಹಿಡಿದದ್ದು ನಟನೆಯ ದಾರಿ. ಮೆಕ್ಸಿಕೋದಲ್ಲಿ ನಾಟಕ, ಆಮೇಲೆ 1991ರಲ್ಲಿ 'ಅಲ್ಕನ್ಸಾರ್ ಊನಾ ಎಸ್ತ್ರೆಯಾ' ಧಾರಾವಾಹಿಯ ಎರಡನೇ ಭಾಗ. ಅದೇ ವರ್ಷ ಮೊದಲ ಸ್ವಂತ ಆಲ್ಬಂ. 1994ರಿಂದ 1996ರವರೆಗೆ ಅಮೆರಿಕದ 'ಜನರಲ್ ಹಾಸ್ಪಿಟಲ್' ಧಾರಾವಾಹಿಯಲ್ಲಿ ಉದ್ದ ಕೂದಲು ಬಿಟ್ಟ ಮಿಗೆಲ್ ಮೊರೆಜ್. 1996ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ ನಾಟಕ ರಂಗ ಬ್ರಾಡ್‌ವೇಯಲ್ಲಿ 'ಲೆ ಮಿಸೆರಾಬ್ಲ್' ನಾಟಕದ ಮಾರಿಯಸ್. ಜಗತ್ತು ಅವನ ಹೆಸರು ಕೇಳುವ ಮೊದಲೇ ಇಷ್ಟೆಲ್ಲ ಆಗಿತ್ತು.

ನನ್ನ ಮಾತು ಇಷ್ಟೇ. ರಿಕಿಯನ್ನು ಇಷ್ಟು ವರ್ಷ ಉಳಿಸಿದ್ದು ಎರಡು: ಅವನ ಸ್ಪ್ಯಾನಿಷ್ ಹಾಡುಗಳು ಮತ್ತು ರಂಗದ ಪಳಗಿಕೆ. ನಾವೆಲ್ಲ ಕುಣಿದ ಆ ಇಂಗ್ಲಿಷ್ ಹಾಡುಗಳಲ್ಲ. ನೀವು ಏನಂತೀರಿ? ಒಪ್ಪದವರೂ ಬರೆಯಿರಿ.

ಫುಟ್ಬಾಲ್ ಪ್ರೇಮಿ

ಅಣ್ಣ, ನನ್ನ ಪಾಲಿಗೆ ರಿಕಿ ಅಂದರೆ 1998. 1999 ಅಲ್ಲವೇ ಅಲ್ಲ.

ಫ್ರಾನ್ಸ್‌ನಲ್ಲಿ ವಿಶ್ವಕಪ್. ಫೈನಲ್ ಅಲ್ಲಿ ಜುಲೈ 12ರ ರಾತ್ರಿ 9ಕ್ಕೆ. ನಮಗೆ ನಡುರಾತ್ರಿ ಹನ್ನೆರಡೂವರೆ. ಹಾಸ್ಟೆಲ್ ಹಾಲ್‌ನಲ್ಲಿ ಒಂದೇ ಟಿವಿ. ನೆಲದ ಮೇಲೆ, ಕಿಟಕಿಯ ಮೇಲೆ, ಎಲ್ಲ ಕಡೆ ಹುಡುಗರು. ರಿಕಿ ಹಾಡಿದ ವಿಶ್ವಕಪ್ ಹಾಡು 'ಲಾ ಕೋಪಾ ದೆ ಲಾ ವೀಡಾ' ಶುರುವಾದರೆ ಸಾಕು, ಒಬ್ಬ ಬಕೆಟ್ ತಿರುಗಿಸಿ ಬಡಿಯುತ್ತಿದ್ದ. ಆ 'ಆಲೇ ಆಲೇ ಆಲೇ'ಗೆ ಅರ್ಥ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು ಫ್ರೆಂಚ್. 'ಹೋಗು, ನುಗ್ಗು' ಅನ್ನುವ ಹಾಗೆ. ಸ್ಪ್ಯಾನಿಷ್ ಹಾಡಿನೊಳಗೆ ಆಟ ನಡೆಯುವ ದೇಶದ ಮಾತು ಸೇರಿಸಿದ್ದಾರೆ. ಎಷ್ಟು ಚೆನ್ನಾದ ಯೋಚನೆ ಅಲ್ವಾ?

ಜಿದಾನ್ ತಲೆಯಲ್ಲಿ ಹೊಡೆದ ಎರಡು ಗೋಲು, ಬ್ರೆಜಿಲ್‌ಗೆ 3-0 ಸೋಲು. ನಾನು ಬ್ರೆಜಿಲ್ ಕಡೆ. ಅವತ್ತು ಅತ್ತಿದ್ದೆ. ಹಾಡು ಮಾತ್ರ ಬಿಡಲಿಲ್ಲ. ಇವತ್ತಿಗೂ ವಿಶ್ವಕಪ್ ಹಾಡು ಅಂದರೆ ನನಗೆ ಮೊದಲು ಅದೇ ನೆನಪು. ಅದಾದ ಮೇಲೆ ಬಂದ ಎಷ್ಟೋ ಅಧಿಕೃತ ಹಾಡುಗಳು ಜಾಹೀರಾತಿನ ಹಾಗೆ ಕೇಳುತ್ತವೆ. ಇದು ಮೈದಾನದ ಗದ್ದಲವನ್ನೇ ಹಾಡು ಮಾಡಿದ ಹಾಗಿದೆ.

ಸಾಲ್ಸಾ ಹೆಜ್ಜೆ

ಚರ್ಚೆ ಶುರು ಮಾಡಿದ್ದಕ್ಕೆ ಥ್ಯಾಂಕ್ಸ್ ಸರ್. ಆದರೆ ನೀವು 'ಮರಿಯಾ' ಹಾಡನ್ನೇ ಬಿಟ್ಟುಬಿಟ್ಟಿರಿ. ಅದಕ್ಕೆ ನಾನು ಬಂದೆ.

1995ರ 'ಆ ಮೆದಿಯೊ ವಿವಿರ್' ಆಲ್ಬಂ ಕೇಳಿ. ಅಲ್ಲಿಯವರೆಗೆ ಅವನು ಮೆಲ್ಲಗಿನ ಪ್ರೇಮಗೀತೆಗಳ ಹುಡುಗ. ರೆಕಾರ್ಡ್ ಕಂಪನಿಗೂ ಅದೇ ಬೇಕಿತ್ತು. ಆಗ 'ಉನ್, ದೋಸ್, ತ್ರೇಸ್' (ಒಂದು, ಎರಡು, ಮೂರು) ಅನ್ನುವ ಈ 'ಮರಿಯಾ' ಬಂತು. ಡೋಲು, ತುತ್ತೂರಿ, ಬೀದಿಯ ಮೆರವಣಿಗೆಯ ಲಯ. ಮೊದಲ ಸಲ ಕೇಳಿಸಿದಾಗ ಕಂಪನಿಯ ಒಬ್ಬ ದೊಡ್ಡ ಮನುಷ್ಯ, ನಿನ್ನ ಕೆರಿಯರ್ ನೀನೇ ಹಾಳು ಮಾಡಿಕೊಂಡೆ ಅಂದಿದ್ದನಂತೆ. ರಿಕಿಯೇ ಹೇಳಿಕೊಂಡಿದ್ದಾನೆ. ಅದೇ ಹಾಡು ರೀಮಿಕ್ಸ್ ಆಗಿ ಯುರೋಪನ್ನೆಲ್ಲ ಕುಣಿಸಿತು, ಫ್ರಾನ್ಸ್‌ನಲ್ಲಿ ನಂಬರ್ ಒನ್ ಆಯಿತು. ವಿಶ್ವಕಪ್ ಹಾಡು ಅವನ ಕೈಗೆ ಬಂದದ್ದು ಇದರ ಬೆನ್ನಿಗೇ.

ಇನ್ನೊಂದು ವಿಷಯ. 'ಮರಿಯಾ' ಬರೆದವರ ಪಟ್ಟಿಯಲ್ಲಿ ಇಯಾನ್ ಬ್ಲೇಕ್ ಅಂತ ಒಂದು ಹೆಸರಿದೆ. ಅದು ಡ್ರಾಕೊ ರೋಸಾ ಇಟ್ಟುಕೊಂಡಿದ್ದ ಇನ್ನೊಂದು ಹೆಸರು. ಡ್ರಾಕೊ ಯಾರು? ಮೆನೂದೊ ತಂಡದಲ್ಲಿ ರಿಕಿಯ ಜೊತೆಗಾರ. ವಿಶ್ವಕಪ್ ಹಾಡು, 'ಲಿವಿನ್ ಲಾ ವೀಡಾ ಲೋಕಾ' ಎರಡರಲ್ಲೂ ಹಾಡು ಬರೆಯುವ ಡೆಸ್ಮಂಡ್ ಚೈಲ್ಡ್ ಜೊತೆ ಅವನ ಕೈ ಇದೆ. ವೇದಿಕೆಯ ಬೆಳಕಿನಲ್ಲಿ ಒಬ್ಬ, ನೆರಳಿನಲ್ಲಿ ಒಬ್ಬ. ಮುಂದೆ ಡ್ರಾಕೊಗೆ ಕ್ಯಾನ್ಸರ್ ಆಯಿತು. ಚೇತರಿಸಿಕೊಂಡು 2013ರಲ್ಲಿ 'ವೀಡಾ' ಅಂತ ಗೆಳೆಯರ ಜೊತೆ ಹಾಡಿದ ಆಲ್ಬಂ ತಂದ. ಅದರಲ್ಲಿ ರಿಕಿ ಜೊತೆ ಹಾಡಿದ 'ಮಾಸ್ ಇ ಮಾಸ್' ಇದೆ. ಚಿಕ್ಕಂದಿನಲ್ಲಿ ಒಂದೇ ಬಸ್ಸಿನಲ್ಲಿ ಊರು ಸುತ್ತಿದ ಇಬ್ಬರು ಅಷ್ಟು ವರ್ಷ ಆದ ಮೇಲೆ ಒಟ್ಟಿಗೆ ಹಾಡುವುದನ್ನು ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ.

ಹಳೇ ಕ್ಯಾಸೆಟ್

ಸಾಲ್ಸಾ ಅವರೇ, 'ಮರಿಯಾ' ಬಿಟ್ಟಿದ್ದು ನನ್ನ ತಪ್ಪು. ಡ್ರಾಕೊ ವಿಷಯ ನೀವೇ ಬರೆದದ್ದು ಒಳ್ಳೆಯದಾಯಿತು. ಅವನಿಗಾಗಿ ಬೇರೆ ಚರ್ಚೆಯೇ ತೆರೆಯಬೇಕು.

ಸೌಂಡ್ ಮನೆ

ಕ್ಯಾಸೆಟ್ ಅವರೇ, ನಿಮ್ಮ ಮಾತಿಗೆ ನನ್ನದು ಅರ್ಧ ಒಪ್ಪಿಗೆ. 1999ರ ಆ ಹಾಡನ್ನು ಬರೀ ಕುಣಿಯುವ ಹಾಡು ಅಂತ ಪಕ್ಕಕ್ಕೆ ಇಡಬೇಡಿ. ನಾನು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವವನು. ನಮ್ಮ ಕಸುಬಿನಲ್ಲಿ ಅದು ಒಂದು ಮೈಲಿಗಲ್ಲು.

ಆಗ ದೊಡ್ಡ ಸ್ಟುಡಿಯೋ ಅಂದರೆ ಟೇಪ್. ಎರಡು ಇಂಚಿನ ಅಗಲದ ರೀಲು. ಎಡಿಟ್ ಮಾಡಬೇಕಾದರೆ ಬ್ಲೇಡಿನಲ್ಲಿ ಕೊಯ್ದು ಅಂಟಿಸಬೇಕು. ಒಂದು ಸಾಲು ಅರ್ಧ ಸೆಕೆಂಡ್ ಆಚೆಗೆ ಹಾಕಬೇಕು ಅಂದರೂ ಕೈ ನಡುಗುತ್ತಿತ್ತು ಅಂತ ನಮ್ಮ ಗುರುಗಳು ಹೇಳುತ್ತಿದ್ದರು. 'ಲಿವಿನ್ ಲಾ ವೀಡಾ ಲೋಕಾ'ವನ್ನು ಪ್ರೋ ಟೂಲ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲೇ ರೆಕಾರ್ಡ್ ಮಾಡಿ, ಅಲ್ಲೇ ಎಡಿಟ್ ಮಾಡಿ, ಅಲ್ಲೇ ಮಿಕ್ಸ್ ಮಾಡಿದರು. ಮಿಕ್ಸ್ ಮಾಡಿದವರು ಚಾರ್ಲ್ಸ್ ಡೈ. ಹಾಗೆ ಪೂರ್ತಿ ಕಂಪ್ಯೂಟರ್ ಒಳಗೇ ತಯಾರಾಗಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ ತುದಿಗೆ ಹೋದ ಮೊದಲ ಹಾಡು ಅದು. ಐದು ವಾರ ಅಲ್ಲೇ ಇತ್ತು.

ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಒಳಗೆ ಎಷ್ಟು ತುಂಬಿದೆ ನೋಡಿ. ಜಮೈಕಾದ ಸ್ಕಾ ಲಯದ ಗಿಟಾರ್, ಹಿತ್ತಾಳೆ ವಾದ್ಯಗಳ ದಂಡು, ಹಿಂದೆ ಕೂಗುವ ಗುಂಪು. ಆದರೂ ಅವನ ಒಂದು ಉಸಿರೂ ಮರೆಯಾಗುವುದಿಲ್ಲ. ಒಂದೊಂದು ಸದ್ದಿಗೂ ಜಾಗ ಮಾಡಿಕೊಟ್ಟಿದ್ದಾರೆ. ಇವತ್ತು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಮಾಡುವ ಹುಡುಗ ಹುಡುಗಿಯರೆಲ್ಲ ನಡೆಯುತ್ತಿರುವುದು ಆ ದಾರಿಯಲ್ಲೇ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಸುಮ್ನೆ ಸೇರಿಸಲಿಲ್ಲ.

ಮೂರನೇ ಬೆಂಚು

ನಾನು ಪೂರ್ತಿ ಒಪ್ಪುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತೇನೆ. ಇಂಗ್ಲಿಷ್ ಹಾಡು ಬಾರದಿದ್ದರೆ ನಾವು ಅವನ ಬಗ್ಗೆ ಇವತ್ತು ಕನ್ನಡದಲ್ಲಿ ಬರೆಯುತ್ತಿರಲಿಲ್ಲ. 1999ರ ಫೆಬ್ರವರಿ 24ರ ಗ್ರ್ಯಾಮಿ ರಾತ್ರಿ ನೆನಪು ಮಾಡಿಕೊಳ್ಳಿ. ಅವನು ವಿಶ್ವಕಪ್ ಹಾಡನ್ನು ಹಾಡಿದ. ಸಭೆಯೆಲ್ಲ ಎದ್ದು ನಿಂತಿತು. ಮೇ ತಿಂಗಳಲ್ಲಿ ಇಂಗ್ಲಿಷ್ ಆಲ್ಬಂ ಬಂತು. ಮೊದಲ ವಾರವೇ ಅಮೆರಿಕದಲ್ಲಿ 6,61,000 ಪ್ರತಿ ಮಾರಾಟ. ಅದೇ ತಿಂಗಳು ಟೈಮ್ ಪತ್ರಿಕೆಯ ಮುಖಪುಟ. ಆಲ್ಬಂನಲ್ಲಿ ಮಡೋನಾ ಜೊತೆಗೂ ಒಂದು ಹಾಡಿದೆ.

ಅದೇ ವರ್ಷ ಸ್ಪ್ಯಾನಿಷ್ ಹಿನ್ನೆಲೆಯ ಕಲಾವಿದರು ಜೆನಿಫರ್ ಲೋಪೆಜ್, ಎನ್ರಿಕೆ ಇಗ್ಲೇಸಿಯಸ್, ಮಾರ್ಕ್ ಆಂಥನಿ, ಸಾಂಟಾನಾ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬಂದರು. ಒಬ್ಬ ಬಾಗಿಲು ತೆರೆದ ಅಂದರೆ ಅದು ಚಿಕ್ಕ ಮಾತಲ್ಲ. ಆ ಬಾಗಿಲಿನ ಹೆಸರು ಇಂಗ್ಲಿಷ್.

ಜೆರ್ಸಿ ಕನ್ನಡತಿ

ಬೆಂಚು ಅವರೇ, ಬಾಗಿಲು ಅನ್ನುವ ಮಾತಿಗೆ ಒಂದು ಸೇರಿಸುತ್ತೇನೆ. ಆಗ ಇಲ್ಲಿ ಅಮೆರಿಕದ ಪತ್ರಿಕೆಗಳು 'ಕ್ರಾಸ್ಓವರ್' ಅಂತ ಬರೆಯುತ್ತಿದ್ದವು. ಅಂದರೆ ಹೊರಗಿನವನೊಬ್ಬ ದಾಟಿ ಒಳಗೆ ಬಂದ ಅನ್ನುವ ಅರ್ಥ. ಆದರೆ ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ಪ್ರಜೆಗಳು. ದ್ವೀಪದಲ್ಲೇ ಇರುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಓಟಿಲ್ಲ, ಅದು ಬೇರೆ ಸಂಕಟ. ನನ್ನ ಆಫೀಸಿನಲ್ಲಿ ಪೋರ್ಟೊ ರಿಕೊದ ಒಬ್ಬರು ಇದ್ದರು. ಯಾರಾದರೂ ಅವರನ್ನು "ನಿಮ್ಮ ದೇಶಕ್ಕೆ ಯಾವಾಗ ಹೋಗುತ್ತೀರಿ" ಅಂತ ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ತನ್ನದೇ ಮನೆಯ ಬಾಗಿಲು ತಟ್ಟಿ ಒಳಗೆ ಬರಬೇಕಾಯಿತಲ್ಲ, ಅದನ್ನು ಯೋಚಿಸಿ.

ಇನ್ನು ನಾನು ಬರೆಯಲೇಬೇಕಾದದ್ದು 'ಎವಿತಾ', ಅರ್ಜೆಂಟೀನಾದ ಅಧ್ಯಕ್ಷರ ಹೆಂಡತಿ ಎವಾ ಪೆರೋನ್ ಕಥೆಯ ಸಂಗೀತ ನಾಟಕ. 2012ರಲ್ಲಿ ಬ್ರಾಡ್‌ವೇಯ ಮಾರ್ಕ್ವಿಸ್ ಥಿಯೇಟರ್‌ನಲ್ಲಿ ನೋಡಿದೆ. ಬೆಂಗಳೂರಿನಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಟಿಕೆಟ್ ದುಬಾರಿ. ಮೇಲಿನ ಸಾಲು ಸಿಕ್ಕಿತು.

ರಿಕಿಯದು ಚೆ ಪಾತ್ರ. ಕಥೆ ಹೇಳುತ್ತಾ, ನಡುನಡುವೆ ಎವಿತಾಳನ್ನು ಕೆಣಕುತ್ತಾ ಸುತ್ತುವ ಪಾತ್ರ. ಹಳೇ ಪ್ರಯೋಗಗಳಲ್ಲಿ ಗಡ್ಡ, ಟೋಪಿ ಹಾಕಿಸಿ ಕ್ರಾಂತಿಕಾರಿ ಚೆ ಗುವಾರಾನ ಹಾಗೇ ತೋರಿಸುತ್ತಿದ್ದರು. ಇದರಲ್ಲಿ ಹಾಗಿಲ್ಲ. ತೋಳು ಮಡಚಿದ ಅಂಗಿಯ ಒಬ್ಬ ಸಾಮಾನ್ಯ ಮನುಷ್ಯ. ನಾನು ಕಾಯುತ್ತಿದ್ದದ್ದು ಸೊಂಟ ಕುಣಿಸುವ ರಿಕಿಗೆ. ಅವನು ಬರಲೇ ಇಲ್ಲ. ಇಡೀ ಹೊತ್ತು ವೇದಿಕೆಯ ಒಂದು ಬದಿಯಲ್ಲಿ ನಿಂತು ನೋಡುತ್ತಿದ್ದ ಒಬ್ಬ ಮನುಷ್ಯ ಮಾತ್ರ ಇದ್ದ. ಬೇರೆಯವರು ಹಾಡುವಾಗ ಅವನು ಅವರನ್ನೇ ನೋಡುತ್ತಿದ್ದ. ನಮ್ಮ ಕಣ್ಣೂ ಅವರ ಕಡೆಗೆ ಹೋಗುತ್ತಿತ್ತು. ಅಷ್ಟು ದೊಡ್ಡ ಸ್ಟಾರ್ ಹಾಗೆ ಹಿಂದೆ ಸರಿದು ನಿಲ್ಲುವುದು ಸುಲಭ ಅಲ್ಲ. ಅಮ್ಮನಿಗೆ ಇಂಗ್ಲಿಷ್ ಹಾಡು ಪೂರ್ತಿ ಅರ್ಥ ಆಗಲಿಲ್ಲ. ಹೊರಗೆ ಬಂದು ಹೇಳಿದ ಮಾತು ಇದು: "ಆ ಹುಡುಗ ಸೂತ್ರಧಾರ ಅಲ್ವೇನೇ? ನಮ್ಮ ನಾಟಕದಲ್ಲಿ ಇರುವ ಹಾಗೆ." ಅಷ್ಟು ಸರಿಯಾಗಿ ಯಾವ ವಿಮರ್ಶೆಯೂ ಹೇಳಿರಲಿಲ್ಲ.

ಎವಿತಾ ಆಗಿದ್ದವರು ಅರ್ಜೆಂಟೀನಾದವರೇ, ಎಲೆನಾ ರೋಜರ್. 2013ರ ಜನವರಿಯಲ್ಲಿ ರಿಕಿ ಮತ್ತು ಜೊತೆಯ ಮುಖ್ಯ ನಟರ ಅವಧಿ ಮುಗಿಯಿತು. ಅವರ ಜಾಗಕ್ಕೆ ಸರಿಯಾದವರು ಸಿಗದೆ ನಾಟಕವನ್ನೇ ನಿಲ್ಲಿಸಿದರು.

ಮೂರನೇ ಬೆಂಚು

ಅಕ್ಕ, 1917ರ ವಿಷಯ ನನಗೆ ಗೊತ್ತಿರಲಿಲ್ಲ. ಬಾಗಿಲು ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಆದರೂ ನಟನೆಯ ವಿಷಯದಲ್ಲಿ ನನಗೆ ಒಂದು ಅನುಮಾನ. ಧಾರಾವಾಹಿಗಳಲ್ಲಿ ಅವನು ಮಾಡಿದ್ದು ಹೆಚ್ಚಾಗಿ ಹಾಡುವ ಚೆಂದದ ಹುಡುಗನ ಪಾತ್ರ. ತನ್ನದೇ ನೆರಳು. ಅದನ್ನು ದೊಡ್ಡ ನಟನೆ ಅನ್ನಬಹುದಾ?

ಹಳೇ ಕ್ಯಾಸೆಟ್

ಆ ಕಾಲದ್ದಕ್ಕೆ ನಿಮ್ಮ ಮಾತು ಸರಿ. ಅದಕ್ಕೇ 2018ರದ್ದು ನೋಡಿ ಅನ್ನುತ್ತೇನೆ. ಜಿಯಾನಿ ವರ್ಸಾಚೆಯ ಕೊಲೆಯ ಬಗ್ಗೆ ರಯಾನ್ ಮರ್ಫಿ ತಂಡ ಮಾಡಿದ ಸರಣಿ. ವರ್ಸಾಚೆ ದೊಡ್ಡ ಫ್ಯಾಷನ್ ಡಿಸೈನರ್. 1997ರ ಜುಲೈ 15ಕ್ಕೆ ಮಯಾಮಿ ಬೀಚ್‌ನಲ್ಲಿ ತನ್ನ ಮನೆಯ ಮೆಟ್ಟಿಲ ಮೇಲೆ ಗುಂಡೇಟಿಗೆ ಬಲಿಯಾದರು. ರಿಕಿ ಮಾಡಿದ್ದು ಅವರ ಸಂಗಾತಿ ಆಂಟೋನಿಯೊ ದಾಮಿಕೊ ಪಾತ್ರ.

ಅದರಲ್ಲಿ ಹಾಡಿಲ್ಲ, ಕುಣಿತ ಇಲ್ಲ, ನಗು ಕೂಡ ಕಡಿಮೆ. ಕೊಲೆ ಆದ ತಕ್ಷಣ ಪೊಲೀಸರು ಬಂದು ಪ್ರಶ್ನೆ ಕೇಳುತ್ತಾರೆ. ಬಟ್ಟೆಯಲ್ಲಿ ಇನ್ನೂ ರಕ್ತ ಇದೆ. ನೀವಿಬ್ಬರೂ ಏನಾಗಬೇಕು, ಅವರು ನಿಮಗೆ ಸಂಬಳ ಕೊಡುತ್ತಿದ್ದರಾ ಅನ್ನುವ ಧಾಟಿ. ಎಷ್ಟೋ ವರ್ಷ ಜೊತೆಗೆ ಬಾಳಿದ ಮನುಷ್ಯ ತಾನು ಯಾರು ಅಂತ ಪೊಲೀಸರಿಗೆ ಬಿಡಿಸಿ ಹೇಳಬೇಕು. ಆ ದೃಶ್ಯದಲ್ಲಿ ರಿಕಿಯ ದನಿ ಎಲ್ಲೂ ಏರುವುದಿಲ್ಲ. ನೋಡುವವರಿಗೆ ಎದೆ ಹಿಂಡುತ್ತದೆ. ಆ ಪಾತ್ರಕ್ಕೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಗೆ ನಾಮನಿರ್ದೇಶನ ಆಯಿತು. ಹಾಡುಗಾರ ಅನ್ನುವ ರಿಯಾಯಿತಿ ಕೊಟ್ಟು ಕರೆದದ್ದಲ್ಲ ಅಂತ ನಾನು ಖಂಡಿತ ಹೇಳುತ್ತೇನೆ.

2024ರಲ್ಲಿ ಬಂದ 'ಪಾಮ್ ರಾಯಲ್' ಕೂಡ ನೋಡಿ. ಕ್ರಿಸ್ಟನ್ ವಿಗ್, ಕ್ಯಾರಲ್ ಬರ್ನೆಟ್ ಅಂಥವರ ಜೊತೆ ಮಾಡಿದ ಹಾಸ್ಯದ ಸರಣಿ. ಅಲ್ಲೂ ಅವನು ಜೋರು ಮಾಡುವುದಿಲ್ಲ.

ನೀಲಿ ಛತ್ರಿ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ.

1999ರಲ್ಲಿ ನಾನು ಪಿಯುಸಿ. ಚಿಕ್ಕ ಊರು. ಟಿವಿಯಲ್ಲಿ ರಿಕಿ ಬಂದಾಗ ಹುಡುಗಿಯರಿಗಿಂತ ಜಾಸ್ತಿ ನಾನು ನೋಡುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಗೆಳೆಯರು ಅವನ ಬಗ್ಗೆ ಕೆಟ್ಟದಾಗಿ ಆಡಿಕೊಂಡು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

2000ದಲ್ಲಿ ಅಮೆರಿಕದ ಪತ್ರಕರ್ತೆ ಬಾರ್ಬರಾ ವಾಲ್ಟರ್ಸ್ ಟಿವಿ ಸಂದರ್ಶನದಲ್ಲಿ ಅವನನ್ನು ನೇರವಾಗಿ ಕೇಳಿದರು. ನೀವು ಸಲಿಂಗಿ ಅನ್ನುವ ಗಾಳಿಮಾತಿಗೆ ಒಂದು ಕೊನೆ ಹಾಡಿಬಿಡಿ ಅನ್ನುವ ಧಾಟಿ. ಆ ವಿಡಿಯೋ ನಾನು ಎಷ್ಟೋ ವರ್ಷ ಆದ ಮೇಲೆ ನೋಡಿದೆ. ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಉತ್ತರ ಬಾಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ನನಗೆ ಆ ಮುಖ ಚೆನ್ನಾಗಿ ಗೊತ್ತು. ಮದುವೆ ಯಾವಾಗ ಅಂತ ನೆಂಟರು ಕೇಳಿದಾಗ ಕನ್ನಡಿಯಲ್ಲಿ ನಾನು ನೋಡಿದ ಮುಖ ಅದು. ಹಾಗೆ ಕೇಳಬಾರದಿತ್ತು ಅಂತ ವಾಲ್ಟರ್ಸ್ ಅವರೇ ಮುಂದೆ ಒಪ್ಪಿಕೊಂಡರು.

2010ರ ಮಾರ್ಚ್ 29. ರಿಕಿ ತನ್ನ ವೆಬ್‌ಸೈಟ್‌ನಲ್ಲಿ ತಾನು ಸಲಿಂಗಿ, ಹೀಗಿರುವುದು ತನ್ನ ಭಾಗ್ಯ ಅಂತ ಬರೆದ. ಅವನ ಅವಳಿ ಮಕ್ಕಳು ಮತ್ತೇಯೊ, ವಲೆಂಟಿನೊ ಹುಟ್ಟಿದ್ದು 2008ರಲ್ಲಿ. ಆತ್ಮಕಥೆ ಬರೆಯುತ್ತಾ, ಆ ಮಕ್ಕಳನ್ನು ನೋಡುತ್ತಾ, ಇನ್ನು ಮುಚ್ಚಿಟ್ಟು ಬದುಕಲು ಆಗದು ಅನ್ನಿಸಿತು ಅಂತ ಬರೆದಿದ್ದ. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಆಫೀಸಿನ ಕಂಪ್ಯೂಟರ್‌ನಲ್ಲಿ ಓದಿ, ಹೊರಗೆ ಹೋಗಿ ಟೀ ಅಂಗಡಿ ಮುಂದೆ ನಿಂತುಬಿಟ್ಟೆ. ಟೀ ಆರಿಹೋಯಿತು.

ಆಗ ನಮ್ಮಲ್ಲಿ 377ನೇ ಕಲಂ ಬಗ್ಗೆ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ತೀರ್ಪು ಇತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಪರಾಧ ಅಲ್ಲ ಅನ್ನುವ ತೀರ್ಪು ಮತ್ತೆ 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನಿಂದಲೇ ಸಿಕ್ಕಿತು. ಈ ಏರಿಳಿತದ ನಡುವೆ ನಾನು ಅಕ್ಕನಿಗೆ ಮೊದಲು ಹೇಳಿದೆ. ಹೇಗೆ ಶುರು ಮಾಡುವುದು ಅಂತ ತಿಳಿಯದೆ, "ನಿನಗೆ ರಿಕಿ ಮಾರ್ಟಿನ್ ಗೊತ್ತಲ್ವಾ" ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಊಟ ಮಾಡಿದ್ಯಾ?" ಅಂದಳು.

ಸಂಗೀತದ ಲೆಕ್ಕದಲ್ಲಿ ಅವನು ದೊಡ್ಡವನೋ ಚಿಕ್ಕವನೋ ನೀವು ಚರ್ಚೆ ಮಾಡಿ. ನನಗೆ ಅವನು ಒಂದು ಮಾತು ಶುರು ಮಾಡಲು ಸಿಕ್ಕಿದ ಹೆಸರು.

ಜೆರ್ಸಿ ಕನ್ನಡತಿ

ಬರೆದಿದ್ದು ತುಂಬಾ ಒಳ್ಳೆಯದಾಯಿತು ತಮ್ಮಾ. ನಿಮ್ಮ ಅಕ್ಕನಿಗೆ ನನ್ನ ಕಡೆಯಿಂದ ಒಂದು ಅಪ್ಪುಗೆ.

ಸೌಂಡ್ ಮನೆ

ಛತ್ರಿ, ಥ್ಯಾಂಕ್ಸ್. ಇಲ್ಲಿ ನಿಮ್ಮನ್ನು ನೋಯಿಸುವ ಮಾತು ಯಾರೂ ಬರೆಯುವುದಿಲ್ಲ. ಬರೆದರೆ ನಾವಿದ್ದೇವೆ.

ತುಂಗಾ ತೀರ

ನಾನು ತಡವಾಗಿ ಬಂದೆ. ಇಷ್ಟು ಹೊತ್ತಾದರೂ ಯಾರೂ ಕೋಲ್ಕತ್ತಾ ಬಗ್ಗೆ ಹೇಳಿಲ್ಲ.

ಹೆಸರು ಉತ್ತುಂಗದಲ್ಲಿ ಇದ್ದಾಗಲೇ ರಿಕಿ ದಣಿದಿದ್ದ. ಎಷ್ಟು ಊರು, ಎಷ್ಟು ಕ್ಯಾಮೆರಾ. ಸ್ವಲ್ಪ ಹಿಂದೆ ಸರಿದು ಭಾರತಕ್ಕೆ ಬಂದ. ಕೋಲ್ಕತ್ತಾದಲ್ಲಿ ಬೀದಿಯಲ್ಲಿ ಬದುಕುತ್ತಿದ್ದ ಮೂವರು ಚಿಕ್ಕ ಹುಡುಗಿಯರನ್ನು ನೋಡಿದ. ಆ ಮಕ್ಕಳು ಮಾರಾಟದ ಜಾಲಕ್ಕೆ ಬೀಳುವ ಅಂಚಿನಲ್ಲಿದ್ದರು. ಅವರನ್ನು ಅಲ್ಲಿನ ಒಂದು ಆಶ್ರಯಕ್ಕೆ ಸೇರಿಸುವ ಕೆಲಸದಲ್ಲಿ ಅವನೂ ಕೈಜೋಡಿಸಿದ. 2000ದಲ್ಲೇ ಅವನ ಹೆಸರಿನ ಫೌಂಡೇಶನ್ ಶುರುವಾಗಿತ್ತು. ಕೋಲ್ಕತ್ತಾ ನೋಡಿದ ಮೇಲೆ ಅದರ ದಿಕ್ಕೇ ಬದಲಾಯಿತು. ಮಕ್ಕಳ ಕಳ್ಳಸಾಗಣೆ ತಡೆಯುವುದೇ ಮುಖ್ಯ ಕೆಲಸ ಆಯಿತು. 2006ರಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಈ ವಿಷಯ ಮಾತಾಡಿದ.

ಸ್ಟಾರ್‌ಗಳು ಬಂದು ಫೋಟೋ ತೆಗೆಸಿಕೊಂಡು ಹೋಗುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು, ಹಾಗಾಗಿ ಇಂಥದ್ದನ್ನು ಕೇಳಿದರೆ ಮೊದಲು ನಂಬುವುದಿಲ್ಲ. ಆದರೆ ಒಂದೇ ವಿಷಯವನ್ನು ಇಷ್ಟು ವರ್ಷ ಬಿಡದೆ ಹಿಡಿದವರು ಕಡಿಮೆ. ಆ ಮೂವರು ಈಗ ದೊಡ್ಡವರಾಗಿರುತ್ತಾರೆ. ಎಲ್ಲೇ ಇರಲಿ, ಚೆನ್ನಾಗಿರಲಿ.

ಫುಟ್ಬಾಲ್ ಪ್ರೇಮಿ

ಮೇಡಂ, ಇದು ನನಗೆ ಗೊತ್ತೇ ಇರಲಿಲ್ಲ.

ಅವನ ಊರಿನ ವಿಷಯವೂ ಒಂದು ಹೇಳಬೇಕು. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ನೆಲಸಮ ಮಾಡಿತು. ತಿಂಗಳುಗಟ್ಟಲೆ ಕರೆಂಟ್ ಇಲ್ಲ. ರಿಕಿ ಹಣ ಕೂಡಿಸಿದ, ಸಾಮಾನು ತಲುಪಿಸಿದ. ಅವನಿಗೆ ಹೆಸರು ತಂದ ಹಾಡು 'ಮರಿಯಾ', ಊರನ್ನು ಮುರಿದ ಗಾಳಿಯ ಹೆಸರೂ ಮರಿಯಾ.

2019ರಲ್ಲಿ ಅಲ್ಲಿನ ಗವರ್ನರ್ ರಿಕಾರ್ಡೊ ರೊಸ್ಸೆಯೊ ತನ್ನ ಆಪ್ತರ ಜೊತೆ ಮಾಡಿದ ಚಾಟ್ ಬಯಲಾಯಿತು. 889 ಪುಟ. ಹೆಂಗಸರ ಬಗ್ಗೆ, ರಿಕಿಯ ಬಗ್ಗೆ, ಚಂಡಮಾರುತದಲ್ಲಿ ಸತ್ತವರ ಬಗ್ಗೆ ಕೂಡ ಕೀಳು ಮಾತು. ಜನ ಬೀದಿಗೆ ಇಳಿದರು. ಗವರ್ನರ್‌ಗೂ ಜನ ಕರೆಯುತ್ತಿದ್ದ ಹೆಸರು ರಿಕಿ. ಹಾಗಾಗಿ ಊರೆಲ್ಲ 'ರಿಕಿ ರೆನೂನ್ಸಿಯಾ' ಅನ್ನುವ ಕೂಗು. ರಾಜೀನಾಮೆ ಕೊಡು ರಿಕಿ ಅಂತ. ಆ ಗುಂಪಿನ ನಡುವೆ ಲಾರಿಯ ಮೇಲೆ ನಿಂತು ಕಾಮನಬಿಲ್ಲಿನ ಬಾವುಟ ಬೀಸುತ್ತಿದ್ದವನು ನಮ್ಮ ರಿಕಿ. ಪಕ್ಕದಲ್ಲಿ ಅಲ್ಲಿನ ಹಾಡುಗಾರರಾದ ಬ್ಯಾಡ್ ಬನಿ, ರೆಸಿದೆಂತೆ. ಜುಲೈ 24ಕ್ಕೆ ಗವರ್ನರ್ ರಾಜೀನಾಮೆ ಘೋಷಿಸಿದರು.

ಸಾಲ್ಸಾ ಹೆಜ್ಜೆ

ನಾನು ಮತ್ತೆ ಹಾಡಿಗೆ ಬರುತ್ತೇನೆ. ಕ್ಯಾಸೆಟ್ ಸರ್ ಹೇಳಿದ ಸ್ಪ್ಯಾನಿಷ್ ವಾದಕ್ಕೆ ಸಾಕ್ಷಿ ಬೇಕಲ್ವಾ? 2006ರ ಎಂಟಿವಿ ಅನ್‌ಪ್ಲಗ್ಡ್ ಕೇಳಿ, ಎಲೆಕ್ಟ್ರಿಕ್ ವಾದ್ಯಗಳ ಅಬ್ಬರ ಇಲ್ಲದೆ ಹಾಡುವ ಟಿವಿ ಕಾರ್ಯಕ್ರಮ ಅದು.

ಅದಕ್ಕೆ ಹಿಂದಿನ ವರ್ಷ ಬಂದ ಇಂಗ್ಲಿಷ್ ಆಲ್ಬಂ 'ಲೈಫ್' ನನಗೆ ಹಿಡಿಸಲಿಲ್ಲ. ಆಗಿನ ಫ್ಯಾಷನ್ ಎಲ್ಲವನ್ನೂ ಅದರೊಳಗೆ ತುರುಕಿದ್ದಾರೆ, ಅವನೇ ಕಾಣುವುದಿಲ್ಲ. ಅನ್‌ಪ್ಲಗ್ಡ್‌ನಲ್ಲಿ ಅದೆಲ್ಲ ಕಳಚಿ ಹೋಯಿತು. 'ತು ರೆಕುಎರ್ದೊ' ಹಾಡು ಕೇಳಿ. ಸ್ಪೇನ್‌ನ ಚಂಬಾವೊ ತಂಡದ ಲಾ ಮಾರಿ ಜೊತೆಗೆ ಹಾಡಿದ್ದಾರೆ. ಫ್ಲಮೆಂಕೊದ ಸ್ವಲ್ಪ ಒಡೆದಂಥ ದನಿ ಅವರದು. ಹಿಂದೆ ಕ್ರಿಸ್ಟಿಯನ್ ನಿಯೆವೆಸ್ ನುಡಿಸುವ ಕ್ವಾತ್ರೊ. ಅದು ಪೋರ್ಟೊ ರಿಕೊದ ಹತ್ತು ತಂತಿಯ ವಾದ್ಯ, ಹಳ್ಳಿಗಾಡಿನ ಹಾಡುಗಳಲ್ಲಿ ನುಡಿಸುವಂಥದ್ದು. ಗಿಟಾರ್‌ಗಿಂತ ಚೂಪು ದನಿ, ಮಂಡೋಲಿನ್‌ಗಿಂತ ತುಂಬಿದ ದನಿ. ರಿಕಿ ಅಲ್ಲಿ ಕೂಗುವುದೇ ಇಲ್ಲ. ನೆನಪು ಮಾಡಿಕೊಳ್ಳುವವನ ಹಾಗೆ ಹಾಡುತ್ತಾನೆ.

ಅದೇ ಕಾರ್ಯಕ್ರಮದ 'ಪೇಗಾತೆ' ಬೇರೆ ಥರ. ಪೋರ್ಟೊ ರಿಕೊದ ಜನಪದ ಪ್ಲೇನಾ ಲಯ. ಕೈಯಲ್ಲಿ ಹಿಡಿದು ಬಡಿಯುವ ಪಂದೇರೊ. ನೋಡಲು ನಮ್ಮ ತಮಟೆಯ ಚಿಕ್ಕ ತಂಗಿ. ಡೊಳ್ಳು, ತಮಟೆ ಕೇಳಿ ಬೆಳೆದವರಿಗೆ ಅದನ್ನು ವಿವರಿಸಿ ಹೇಳುವುದೇ ಬೇಡ, ಭುಜ ತಾನಾಗಿ ಅಲ್ಲಾಡುತ್ತದೆ.

2015ರ 'ಆ ಕಿಯೆನ್ ಕಿಯೆರಾ ಎಸ್ಕುಚಾರ್' ಕೂಡ ಬಿಡಬೇಡಿ. ಗ್ರ್ಯಾಮಿ ಬಂತು ಅದಕ್ಕೆ. ಅದೂ ಪೂರ್ತಿ ಸ್ಪ್ಯಾನಿಷ್.

ಮೂರನೇ ಬೆಂಚು

ನಿನ್ನೆ ರಾತ್ರಿ ವರ್ಸಾಚೆ ಸರಣಿಯ ಮೊದಲ ಕಂತು ನೋಡಿದೆ. ಕ್ಯಾಸೆಟ್ ಅವರು ಹೇಳಿದ ಪೊಲೀಸರ ದೃಶ್ಯ ಅದರಲ್ಲೇ ಇದೆ. ನೋಡಿ ಮುಗಿಸಿ, ನೀಲಿ ಛತ್ರಿ ಬರೆದದ್ದನ್ನು ಮತ್ತೊಮ್ಮೆ ಓದಿದೆ. ನಟನೆಯ ಬಗ್ಗೆ ನಾನು ಎತ್ತಿದ ಅನುಮಾನ ಇನ್ನು ಬೇಡ. ಇಂಗ್ಲಿಷ್ ಹಾಡಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ನನ್ನ ಬೆಂಚಿನಲ್ಲೇ ಕೂತಿದ್ದೇನೆ.

ಹಳೇ ಕ್ಯಾಸೆಟ್

ಕೂತಿರಿ, ಚರ್ಚೆ ಇನ್ನೂ ಇದೆ. ಸೌಂಡ್ ಮನೆ ಅವರ ಮಾತು ಕೇಳಿ ನಾನೂ ಹೆಡ್‌ಫೋನ್ ಹಾಕಿಕೊಂಡು ಆ ಹಾಡನ್ನು ನಾಲ್ಕು ಸಲ ಕೇಳಿದೆ. 'ಕುಣಿದ ಹಾಡು' ಅಂತ ಹಗುರಾಗಿ ಬರೆದದ್ದು ತಪ್ಪಾಯಿತು.

ಈ ಚರ್ಚೆಯನ್ನು ಅಕ್ಕನ ಮಗಳಿಗೂ ಓದಿಸಿದೆ. ಕಾಲೇಜ್ ಡೇಗೆ ಹಾಡು ಬದಲಾಗಿದೆಯಂತೆ. ಈಗ 'ಪೇಗಾತೆ'. ಅವಳ ಕ್ಲಾಸಿನ ಇಬ್ಬರು ಹುಡುಗರು ತಮಟೆ ಬಾರಿಸುತ್ತಾರೆ, ಪ್ಲೇನಾ ಲಯಕ್ಕೆ ಕೂರಿಸಲು ನೋಡುತ್ತಿದ್ದಾರೆ. ಮೂರನೇ ಪೆಟ್ಟು ಎಲ್ಲಿ ಬೀಳಬೇಕು ಅನ್ನುವಲ್ಲಿ ತಡವರಿಸುತ್ತಿದ್ದಾರೆ. ಸಾಲ್ಸಾ ಅವರೇ, ಭಾನುವಾರ ಒಂದರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತೀರಾ?

ಸಾಲ್ಸಾ ಹೆಜ್ಜೆ

ಖಂಡಿತ ಸರ್. ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ. ತಮಟೆಯನ್ನು ಮೊದಲೇ ಚೆನ್ನಾಗಿ ಕಾಯಿಸಿ ಇಟ್ಟಿರಲಿ.